ಹಿಂದಿನ ಪಟ್ಟಿ ಎತ್ತರಿಸಿದ ಮೇಲೆ ಪಿಕಪ್ ನಡುಗುತ್ತಿದೆ: ಪ್ರೊಪೆಲ್ಲರ್ ಶಾಫ್ಟಿನ ಆ್ಯಂಗಲ್ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಕಡೆ. ಒಂದೂವರೆ ಟನ್ನಿನ ಪಿಕಪ್ ಇದೆ. ಹಿಂದೆ ಪಟ್ಟಿ (ಲೀಫ್ ಸ್ಪ್ರಿಂಗ್), ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ನಡುವೆ ಸೆಂಟರ್ ಬೇರಿಂಗ್. ಸೀಸನ್ನಿನಲ್ಲಿ ಮಾವು, ಉಳಿದ ದಿನ ಕೋಲಾರ ಎಪಿಎಂಸಿಗೆ ಟೊಮೆಟೊ. ಲೋಡ್ ಹಾಕಿದರೆ ಹಿಂದೆ ಕೂತುಬಿಡುತ್ತದೆ ಎಂದು ಒಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಪಟ್ಟಿಗೂ ಹೌಸಿಂಗಿಗೂ (ಹಿಂದಿನ ಆಕ್ಸಲ್) ನಡುವೆ ಬ್ಲಾಕ್ ಕೊಡಿಸಿದೆ. ಎರಡು ಇಂಚು ಎದ್ದಿದೆ. ಆವತ್ತಿನಿಂದ ಖಾಲಿ ಗಾಡಿ 60 ದಾಟಿದರೆ ಸೀಟಿನ ಕೆಳಗೆ ಗುಂಯ್ ಎಂದು ನಡುಕ. ಲೋಡ್ ಇದ್ದಾಗ ಕಡಿಮೆ, ಪೂರ್ತಿ ಹೋಗಲ್ಲ. ನಿಂತಲ್ಲಿಂದ ಎತ್ತುವಾಗ ದಡದಡ ಅನ್ನುತ್ತದೆ. ವೀಲ್ ಬ್ಯಾಲೆನ್ಸ್ ಆಯಿತು, ಎರಡು ಸಲ ಕ್ರಾಸ್ (ಶಾಫ್ಟಿನ ಕೀಲು) ಬದಲಾಯಿತು. ಒಬ್ಬರು ಆ್ಯಂಗಲ್ ಹೋಗಿದೆ ಅಂತಾರೆ, ಇನ್ನೊಬ್ಬರು ಶಾಫ್ಟನ್ನೇ ಬದಲಾಯಿಸಿ ಅಂತಾರೆ. ನಾನೇ ಅಳೆದು ನೋಡೋದು ಹೇಗೆ?

ಉತ್ತರ:

ಸದ್ಯಕ್ಕೆ ಹೊಸ ಶಾಫ್ಟೂ ಬೇಡ, ಮೂರನೇ ಕ್ರಾಸೂ ಬೇಡ. ಖಾಲಿ ಇದ್ದಾಗ ಹೆಚ್ಚಾಗಿ, ಲೋಡ್ ಬಿದ್ದರೆ ತಗ್ಗುವ ನಡುಕ ಸಾಮಾನ್ಯವಾಗಿ ಬ್ಯಾಲೆನ್ಸಿನದ್ದಲ್ಲ. ಬ್ಯಾಲೆನ್ಸ್ ಕೆಟ್ಟ ಶಾಫ್ಟಿಗೆ ಮೇಲೆ ಟೊಮೆಟೊ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಲೋಡ್ ಬಿದ್ದಾಗ ಬದಲಾಗುವುದು ಪಟ್ಟಿಯ ಬಾಗು ಮತ್ತು ಚಾಸಿಗೂ ಹೌಸಿಂಗಿಗೂ ನಡುವಿನ ಎತ್ತರ. ಅದರ ಜೊತೆಗೆ ಶಾಫ್ಟಿನ ಓರೆಯೂ ಬದಲಾಗುತ್ತದೆ. ಹಾಗಾಗಿ ಆ್ಯಂಗಲ್ ಎಂದವರ ಮಾತಿನಲ್ಲಿ ಹುರುಳಿದೆ. ಆದರೆ ಎಷ್ಟು ಹೋಗಿದೆ, ಯಾವ ಕಡೆಗೆ ಹೋಗಿದೆ ಎಂದು ಅಳೆಯದೆ ಅಂದಾಜಿನ ಮೇಲೆ ಬೆಣೆ ತುರುಕಿದರೆ ಇದ್ದದ್ದೂ ಕೆಡುತ್ತದೆ.

ಗಾಡಿ ಕೆಳಗೆ ಮಲಗುವ ಮೊದಲು ರಸ್ತೆಯ ಮೇಲೊಂದು ಪರೀಕ್ಷೆ ಮಾಡಿ. ನಡುಕ ಬರುವ ವೇಗದಲ್ಲಿ ಒಮ್ಮೆ ನಾಲ್ಕನೇ ಗೇರಿನಲ್ಲಿ, ಒಮ್ಮೆ ಐದನೇ ಗೇರಿನಲ್ಲಿ ಓಡಿಸಿ. ಗೇರ್ ಬದಲಾದರೂ ಅದೇ ವೇಗಕ್ಕೆ ಬಂದರೆ ಎಂಜಿನ್ನಿನ ತಪ್ಪಿಲ್ಲ. ಶಾಫ್ಟು, ಹೌಸಿಂಗು, ಟೈರು ಮಾತ್ರ ಉಳಿದವು. ಇವುಗಳಲ್ಲಿ ಯಾವುದು ಎಂದು ನಡುಕದ ಲಯವೇ ಹೇಳುತ್ತದೆ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ಕ್ರೌನ್ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎನ್ನುವುದು, 4.3 ಎಂದು ಹಿಡಿಯಿರಿ (ನಿಮ್ಮ ಗಾಡಿಯದ್ದು ಹ್ಯಾಂಡ್‌ಬುಕ್ಕಿನಲ್ಲಿರುತ್ತದೆ). 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು, ಶಾಫ್ಟ್ ಸುಮಾರು 33 ಸುತ್ತು ತಿರುಗುತ್ತವೆ. ಟೈರಿನ ದೋಷ ಚಕ್ರದ ಸುತ್ತಿಗೊಂದು ಏಟು ಕೊಡುತ್ತದೆ, ಆದ್ದರಿಂದ ಅದು ಅಲುಗಾಟ. ಸ್ಟೇರಿಂಗಿನಲ್ಲೋ ಸೀಟಿನಲ್ಲೋ ತೂಗಿದ ಹಾಗೆ ಗೊತ್ತಾಗುತ್ತದೆ. ಶಾಫ್ಟಿನ ಬ್ಯಾಲೆನ್ಸ್ ದೋಷ ಶಾಫ್ಟಿನ ಸುತ್ತಿಗೊಂದು. ಆ್ಯಂಗಲ್ ದೋಷ ಸುತ್ತಿಗೆ ಎರಡು, ಅಂದರೆ ಸೆಕೆಂಡಿಗೆ 65ರ ಆಸುಪಾಸು. ಅದು ಅಲುಗಾಟವಾಗಿ ತಿಳಿಯುವುದಿಲ್ಲ, ಗುಂಯ್‌ಗುಡುತ್ತದೆ. ನೀವು ಬರೆದಿರುವುದೂ ಅದನ್ನೇ.

ಸುತ್ತಿಗೆ ಎರಡು ಸಲ ಏಕೆ ಎಂದು ತಿಳಿದಿದ್ದರೆ ಮುಂದಿನ ಲೆಕ್ಕ ಸುಲಭ. ಕ್ರಾಸ್ ಜಾಯಿಂಟು ಓರೆಯಾಗಿ ತಿರುಗುವಾಗ ಒಳಗೆ ಬಂದ ವೇಗ ಇದ್ದ ಹಾಗೇ ಹೊರಗೆ ಹೋಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಜಿಗಿದು ಎರಡು ಸಲ ಹಿಂದೆ ಬೀಳುತ್ತದೆ. 3 ಡಿಗ್ರಿ ಓರೆಯಲ್ಲಿ ಈ ಏರಿಳಿತ ಶೇಕಡಾ 0.14, 10 ಡಿಗ್ರಿಯಲ್ಲಿ ಶೇಕಡಾ 1.5. ಓರೆ ಎರಡು ಪಟ್ಟಾದರೆ ಏರಿಳಿತ ಸುಮಾರು ನಾಲ್ಕು ಪಟ್ಟಾಗುತ್ತದೆ ಎನ್ನುವುದನ್ನು ನೆನಪಿಡಿ. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಓರೆಯಲ್ಲಿದ್ದರೆ ಮೊದಲನೆಯದು ಮಾಡಿದ ಏರಿಳಿತವನ್ನು ಅದು ಅಳಿಸಿಹಾಕುತ್ತದೆ. ಪಿನಿಯನ್ನಿಗೆ (ಹೌಸಿಂಗಿನಲ್ಲಿ ಶಾಫ್ಟ್ ತಿರುಗಿಸುವ ಗೇರು) ಒಂದೇ ಸಮನಾದ ವೇಗ ಸಿಗುತ್ತದೆ. ಎರಡು ಓರೆಗಳೂ ಸಮ ಇರಲಿ, ಎರಡೂ ಚಿಕ್ಕವಿರಲಿ: ಕಂಪನಿಯವರು ಕೂರಿಸುವಾಗ ನೋಡಿಕೊಳ್ಳುವುದು ಇಷ್ಟನ್ನೇ. ಎತ್ತರಿಸುವ ಕೆಲಸ ಇವೆರಡರಲ್ಲಿ ಒಂದನ್ನಾದರೂ ಕೆಡಿಸುತ್ತದೆ.

ಎರಡು ಸಲ ಕ್ರಾಸ್ ಬದಲಾಯಿಸಿದ್ದೀರಿ. ಅದಕ್ಕೆ ಗೇಜ್ ಹಿಡಿಯುವ ಮೊದಲೇ ಒಂದನ್ನು ನೋಡಬೇಕು. ಸೆಂಟರ್ ಬೇರಿಂಗಿನ ಹಿಂದೆ ಸಾಮಾನ್ಯವಾಗಿ ಜಾರುವ ಸ್ಪ್ಲೈನ್ (ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಇರುತ್ತದೆ. ಕೆಲಸದವರು ಶಾಫ್ಟನ್ನು ಅಲ್ಲಿ ಬಿಚ್ಚಿದ್ದರೆ, ಮತ್ತೆ ಸೇರಿಸುವಾಗ ಹಲ್ಲು ತಪ್ಪಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಿಂದಿನ ತುಂಡಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿಯುವ ಯೋಕ್‌ನ ಕಿವಿಗಳಿರುತ್ತವಲ್ಲ, ಅವು ಒಂದೇ ನೇರದಲ್ಲಿರಬೇಕು: ಮುಂದಿನ ಕಿವಿಗಳು ನೆಟ್ಟಗೆ ಮೇಲೆ-ಕೆಳಗೆ ಇದ್ದರೆ ಹಿಂದಿನವೂ ಮೇಲೆ-ಕೆಳಗೆ. 16 ಹಲ್ಲಿನ ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿದರೆ 22.5 ಡಿಗ್ರಿ ತಿರುಚಿದ ಹಾಗೆ. ಕಾಲು ಸುತ್ತು ತಪ್ಪಿದ್ದರೆ ಎರಡು ಕ್ರಾಸುಗಳ ಏರಿಳಿತ ಒಂದನ್ನೊಂದು ಅಳಿಸುವುದಿರಲಿ, ಕೂಡಿಕೊಳ್ಳುತ್ತವೆ. ಎರಡು ಕಡೆಯೂ ಸಾಮಾನ್ಯವಾಗಿ ಬಾಣದ ಗುರುತು ಹೊಡೆದಿರುತ್ತದೆ; ಮಣ್ಣು, ಗ್ರೀಸ್ ಕೆರೆದು ನೋಡಿ. ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ಇರಬೇಕಾದ ಸಂಬಂಧ ಗಾಡಿಯಿಂದ ಗಾಡಿಗೆ ಬೇರೆ, ಅಲ್ಲಿ ಕಂಪನಿಯ ಗುರುತೇ ಪ್ರಮಾಣ. ಮುಂದೆ ಯಾರೇ ಬಿಚ್ಚಿದರೂ ಬಿಚ್ಚುವ ಮೊದಲು ಪೇಂಟಿನಲ್ಲಿ ಒಂದು ಗೆರೆ ಎಳೆಯಿಸಿ.

ಅದರ ಜೊತೆಗೇ ಗೇರನ್ನು ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಪ್ರತಿ ಕ್ರಾಸಿನ ಎರಡು ಪಕ್ಕವನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಕ್ರಾಸಿನಲ್ಲಿ ಕೈಗೆ ತಿಳಿಯುವ ಆಟ ಇರಕೂಡದು. ಕ್ರಾಸಿನ ತುದಿಗಳಿಗೆ ಕೂತ ಕಪ್ಪಿನ ಸೀಲಿನ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ರೋಲರುಗಳು ಒಣಗಿ ತುಕ್ಕು ಹಿಡಿದಿವೆ. ಸೆಂಟರ್ ಬೇರಿಂಗಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಗೇರ್‌ಬಾಕ್ಸಿನ ಮೌಂಟಿಂಗ್ ಕುಸಿದಿದೆಯೇ ನೋಡಿ. ಕುಸಿದ ಮೌಂಟಿಂಗ್ ಇಟ್ಟುಕೊಂಡು ಅಳೆದರೆ ಎಲ್ಲ ಅಳತೆಯೂ ಸುಳ್ಳಾಗುತ್ತದೆ.

ಇನ್ನು ಅಳತೆ. ಕೆಳಗೆ ಅಯಸ್ಕಾಂತ ಇರುವ, 0.1 ಡಿಗ್ರಿ ತೋರಿಸುವ ಡಿಜಿಟಲ್ ಆ್ಯಂಗಲ್ ಗೇಜ್ ಸಿಕ್ಕರೆ ಒಳ್ಳೆಯದು. ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ, ಮರಗೆಲಸದವರ ಹತ್ತಿರ ಇರುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಕೂಡ ನಡೆಯುತ್ತದೆ, ಆದರೆ ಫೋನನ್ನು ನೇರ ಶಾಫ್ಟಿಗೆ ಒತ್ತಬೇಡಿ: ಕ್ಯಾಮೆರಾದ ಉಬ್ಬು ಓದನ್ನು ಕೆಡಿಸುತ್ತದೆ. ಒಂದಡಿ ಉದ್ದದ ನೇರ ಅಲ್ಯೂಮಿನಿಯಂ ಪೈಪನ್ನು ಶಾಫ್ಟಿಗೆ ಒತ್ತಿಹಿಡಿದು, ಅದರ ಮೇಲೆ ಫೋನಿನ ಅಂಚನ್ನು ಇಡಿ. ಗೇಜನ್ನೂ ಫೋನನ್ನೂ ಪ್ರತಿ ಜಾಗದಲ್ಲಿ ತಿರುವುಮುರುವು ಮಾಡಿ ಎರಡು ಸಲ ಓದಿ. ಎರಡು ಓದಿಗೆ ಕಾಲು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಅದನ್ನು ಕ್ಯಾಲಿಬ್ರೇಟ್ ಮಾಡಬೇಕು.

ಗಾಡಿ ತನ್ನ ನಾಲ್ಕು ಚಕ್ರದ ಮೇಲೆಯೇ ನಿಂತಿರಬೇಕು. ಚಾಸಿಗೆ ಜಾಕ್ ಕೊಟ್ಟು ಹೌಸಿಂಗ್ ನೇತಾಡುವಾಗ ಅಳೆದರೆ ಆ ಅಂಕಿ ಯಾವ ಉಪಯೋಗಕ್ಕೂ ಬರದು. ಸರ್ವೀಸ್ ಸ್ಟೇಷನ್ನಿನ ಪಿಟ್ ಎಲ್ಲಕ್ಕಿಂತ ಅನುಕೂಲ. ಹ್ಯಾಂಡ್ ಬ್ರೇಕ್ ಹಾಕುವ ಮೊದಲು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಾಲ್ಕಡಿ ಹಿಂದೆ ಮುಂದೆ ತಳ್ಳಿ, ಹಿಂದಿನ ಬಂಪರಿನ ಮೇಲೆ ನಿಂತು ಮೂರು ನಾಲ್ಕು ಸಲ ಕುಲುಕಿ, ಆಮೇಲೆ ಕಲ್ಲು ಕೊಡಿ. ಬ್ರೇಕ್ ಹಿಡಿದು ನಿಲ್ಲಿಸಿದ ಗಾಡಿಯಲ್ಲಿ ಪಟ್ಟಿಗಳು ತಿರುಚಿಕೊಂಡೇ ಇರುತ್ತವೆ, ಪಿನಿಯನ್ ಅರ್ಧ ಡಿಗ್ರಿ ತಪ್ಪು ತೋರಿಸಬಹುದು. ನೆಲ ಸ್ವಲ್ಪ ವಾಲಿದ್ದರೆ ಚಿಂತೆ ಇಲ್ಲ. ನಮಗೆ ಬೇಕಾದದ್ದು ಒಂದರಿಂದ ಇನ್ನೊಂದಕ್ಕಿರುವ ವ್ಯತ್ಯಾಸ. ನೆಲದ ವಾಲು ಎಲ್ಲ ಓದುಗಳಲ್ಲೂ ಒಂದೇ ಆಗಿ ಸೇರಿ ಲೆಕ್ಕದಲ್ಲಿ ಕಳೆದುಹೋಗುತ್ತದೆ.

ನಾಲ್ಕು ಜಾಗದ ಓರೆ ಬೇಕು: ಗೇರ್‌ಬಾಕ್ಸಿನ ಔಟ್‌ಪುಟ್, ಶಾಫ್ಟಿನ ಮುಂದಿನ ತುಂಡು, ಹಿಂದಿನ ತುಂಡು, ಪಿನಿಯನ್. ಶಾಫ್ಟಿನ ತುಂಡುಗಳದ್ದು ಸುಲಭ, ಕೊಳವೆಯ ಮೇಲೆ ಗೇಜ್ ಕೂರಿಸಿದರಾಯಿತು. ಬ್ಯಾಲೆನ್ಸ್‌ಗೆ ಬೆಸೆದ ತುಂಡು, ಮೆತ್ತಿದ ಮಣ್ಣು, ಎದ್ದ ಪೇಂಟು ಇಲ್ಲದ ಕಡೆ ನೋಡಿ. ಗೇರ್‌ಬಾಕ್ಸ್ ಮತ್ತು ಪಿನಿಯನ್ ಕಡೆ ಎರಡು ದಾರಿ ಇವೆ. ಕಲ್ಲು ತೆಗೆದು, ಗಾಡಿಯನ್ನು ಸ್ವಲ್ಪ ತಳ್ಳಿ ಶಾಫ್ಟ್ ತಿರುಗಿಸಿ, ಗೇರ್‌ಬಾಕ್ಸಿಗೆ (ಅಥವಾ ಪಿನಿಯನ್ನಿಗೆ) ಕೂತಿರುವ ಯೋಕ್‌ನ ಕಪ್ ನೆಟ್ಟಗೆ ಕೆಳಗೆ ಬರುವಂತೆ ಮಾಡಿ, ಮತ್ತೆ ಕಲ್ಲು ಕೊಟ್ಟು, ಲಾಕ್ (ಕಪ್ಪನ್ನು ಹಿಡಿದಿಡುವ ಉಂಗುರ) ತೆಗೆದು, ಕಪ್ಪಿನ ತಳಕ್ಕೆ ಗೇಜನ್ನು ಗಾಡಿಯ ಉದ್ದಕ್ಕೆ ಹಿಡಿಯುವುದು ಒಂದು. ಓದಿದ ಮೇಲೆ ಲಾಕ್ ಅದರ ತೋಡಿನಲ್ಲಿ ಪೂರ್ತಿ ಕೂತಿದೆಯೇ ನೋಡಿ, ಇಲ್ಲದಿದ್ದರೆ ಕಪ್ ಹೊರಬರುತ್ತದೆ. ಇನ್ನೊಂದು ದಾರಿ, ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ಫ್ಲ್ಯಾಂಜಿನ ಮುಖದ ಮೇಲೆ ಗೇಜನ್ನು ನೆಟ್ಟಗೆ ಇಟ್ಟು, 90ರಿಂದ ಎಷ್ಟು ಸರಿದಿದೆ ಎಂದು ಓದುವುದು.

ತಪ್ಪಾಗುವುದು ಅಂಕಿಗಿಂತ ದಿಕ್ಕಿನಲ್ಲಿ. ಪ್ರತಿ ಓದಿನ ಪಕ್ಕದಲ್ಲಿ, ಗಾಡಿಯ ಮುಂದಿನಿಂದ ಹಿಂದಕ್ಕೆ ಹೋಗುವಾಗ ಅದು ಇಳಿಯುತ್ತದೆಯೋ ಏರುತ್ತದೆಯೋ ಎಂದು ಬರೆದುಕೊಳ್ಳಿ. ಗೇರ್‌ಬಾಕ್ಸಿನ ಫ್ಲ್ಯಾಂಜ್ ನೆಲ ನೋಡುತ್ತಿದ್ದರೆ ಇಳಿ. ಪಿನಿಯನ್ನಿನ ಫ್ಲ್ಯಾಂಜ್ ಆಕಾಶ ನೋಡುತ್ತಿದ್ದರೆ, ಅಂದರೆ ಅದರ ಮೂಗು ಮೇಲೆದ್ದಿದ್ದರೆ, ಅದೂ ಇಳಿಯೇ. ಇಲ್ಲಿ ಅನೇಕರು ಎಡವುತ್ತಾರೆ. ಪಕ್ಕಪಕ್ಕದ ಎರಡು ಓದುಗಳು ಒಂದೇ ದಿಕ್ಕಿನವಾದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಬೇರೆ ದಿಕ್ಕಿನವಾದರೆ ಕೂಡಿ. ಬರುವುದೇ ಆ ಕ್ರಾಸ್ ಕೆಲಸ ಮಾಡುವ ಕೋನ.

ನಿಮ್ಮಲ್ಲಿ ಹೀಗೇ ಇದೆ ಎಂದಲ್ಲ, ಲೆಕ್ಕ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಂದಿನ ತುಂಡು 900 ಮಿ.ಮೀ., ಹಿಂದಿನದು 1200 ಮಿ.ಮೀ. ಎತ್ತರಿಸಿದ ಮೇಲೆ, ಖಾಲಿ ಗಾಡಿಯಲ್ಲಿ:

ಗೇರ್‌ಬಾಕ್ಸ್ 3.0 ಇಳಿ
ಮುಂದಿನ ತುಂಡು 3.5 ಇಳಿ
ಹಿಂದಿನ ತುಂಡು 9.0 ಇಳಿ
ಪಿನಿಯನ್ 1.5 ಇಳಿ

ಮೊದಲ ಕ್ರಾಸಿನ ಕೋನ 0.5, ನಡುವಿನದು 5.5, ಕೊನೆಯದು 7.5. ಎತ್ತರಿಸುವ ಮೊದಲು ಹಿಂದಿನ ತುಂಡು ಎಷ್ಟಿತ್ತು ಎನ್ನುವುದನ್ನೂ ಹಿಂದಕ್ಕೆ ಲೆಕ್ಕ ಹಾಕಬಹುದು: 1200 ಮಿ.ಮೀ. ಉದ್ದಕ್ಕೆ 50 ಮಿ.ಮೀ. ಎತ್ತರ ಎಂದರೆ 2.4 ಡಿಗ್ರಿ. ಹಾಗಾದರೆ ಆಗ 6.6. ಪಿನಿಯನ್ ಆಗ ಮುಂದಿನ ತುಂಡಿಗೆ ಸಮಾನಾಂತರವಾಗಿ 3.5 ಇದ್ದಿದ್ದರೆ ಎರಡೂ ಕ್ರಾಸುಗಳು 3.1ರಲ್ಲಿದ್ದವು. ಸಮ, ಚಿಕ್ಕದು, ನಡುಕವಿಲ್ಲ.

ಈಗ ಎರಡು ಬೇರೆ ಬೇರೆ ಕೆಡುಕು ಕಾಣುತ್ತಿವೆ. ಎತ್ತರದಿಂದ ಕೋನಗಳು ದೊಡ್ಡದಾದವು, ಅದು ಒಂದು. ಚಪ್ಪಟೆ ಬ್ಲಾಕ್ ಹಾಕಿದ್ದರೆ ಆಗುವುದು ಇಷ್ಟೇ: ಪಟ್ಟಿಯ ಎರಡೂ ಕಣ್ಣು ಚಾಸಿಗೇ ಕೂತಿರುವುದರಿಂದ ಚಾಸಿಗೆ ಹೋಲಿಸಿದರೆ ಪಿನಿಯನ್ ತನ್ನ ಓರೆ ಬಿಡುವುದಿಲ್ಲ, ಎರಡು ಕೋನಗಳೂ ಸಮವಾಗಿ ಬೆಳೆಯುತ್ತವೆ. ಇಲ್ಲಿ ಪಿನಿಯನ್ 3.5ರಿಂದ 1.5ಕ್ಕೆ ಮೂಗು ಕೆಳಗೆ ಮಾಡಿದೆ. ಇದು ಎತ್ತರ ಮಾಡಿದ ಕೆಲಸವಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಬ್ಲಾಕನ್ನು ಹಿಂದುಮುಂದಾಗಿ ಕೂರಿಸಿದಾಗ ಆಗುವುದು. ಪೇಟೆಯಲ್ಲಿ ಸಿಗುವ ಬ್ಲಾಕುಗಳಲ್ಲಿ ಬೆಣೆಯಾಕಾರದವು ಬೇಕಾದಷ್ಟಿವೆ; ಕೈಯಲ್ಲಿ ಹಿಡಿದರೆ ಗೊತ್ತಾಗದು, ಎರಡು ತುದಿಗೂ ವರ್ನಿಯರ್ ಇಟ್ಟರೆ ತಿಳಿಯುತ್ತದೆ. 120 ಮಿ.ಮೀ. ಉದ್ದಕ್ಕೆ 2.1 ಮಿ.ಮೀ. ವ್ಯತ್ಯಾಸ ಬಂದರೆ 1 ಡಿಗ್ರಿ, 4.2 ಬಂದರೆ 2 ಡಿಗ್ರಿ. ನಿಮ್ಮ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಬ್ಲಾಕಿನ ಬದಲು ಉದ್ದದ ಶ್ಯಾಕಲ್ (ಪಟ್ಟಿಯ ಹಿಂದಿನ ಕಣ್ಣನ್ನು ಚಾಸಿಗೆ ಹಿಡಿಯುವ ಕೊಂಡಿ) ಹಾಕಿದ್ದರೆ ತಿರುವು ಇನ್ನೊಂದು ಕಡೆಗೆ: ಪಟ್ಟಿಯ ಹಿಂದಿನ ಕಣ್ಣು ಇಳಿದು ಪಿನಿಯನ್ನಿನ ಮೂಗು ಏಳುತ್ತದೆ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು.

ಎರಡು ಕೋನಗಳ ನಡುವೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ ಎನ್ನುವ ಮಾತು ವರ್ಕ್‌ಶಾಪುಗಳಲ್ಲಿ ಓಡಾಡುತ್ತದೆ. ಮಾತು ಸರಿ, ಆದರೆ ಅರ್ಧ ಮಾತ್ರ. ಅಳಿಸಿಹೋಗದೆ ಉಳಿದ ಏರಿಳಿತವನ್ನು ತಿಳಿಯಲು ಕೋನಗಳನ್ನಲ್ಲ, ಅವುಗಳ ವರ್ಗಗಳನ್ನು ಕಳೆಯಬೇಕು. 7.5ರ ವರ್ಗ 56.25, 5.5ರ ವರ್ಗ 30.25; ಕಳೆದರೆ 26, ಅದರ ವರ್ಗಮೂಲ 5.1. ಅಂದರೆ ಪಿನಿಯನ್ನಿಗೆ ತಗಲುವ ಏಟು, 5.1 ಡಿಗ್ರಿಯಲ್ಲಿ ಒಂಟಿ ಕ್ರಾಸ್ ಕೊಡುವಷ್ಟು. ಇದನ್ನು 3ರ ಒಳಗೆ ಇಡಬೇಕು. ಈಗ ನೋಡಿ: 2 ಮತ್ತು 3 ಡಿಗ್ರಿ ಇದ್ದರೆ ಉಳಿಕೆ 2.2, ಗಾಡಿ ಸುಮ್ಮನಿರುತ್ತದೆ. 5.5 ಮತ್ತು 6.5 ಇದ್ದರೆ ವ್ಯತ್ಯಾಸ ಅದೇ 1 ಡಿಗ್ರಿ, ಉಳಿಕೆ ಮಾತ್ರ 3.5. ಎತ್ತರಿಸದ ಗಾಡಿ ಸಹಿಸಿಕೊಳ್ಳುತ್ತಿದ್ದ ತಪ್ಪನ್ನು ಎತ್ತರಿಸಿದ ಗಾಡಿ ಸಹಿಸುವುದಿಲ್ಲ. ಮೊದಲ ಕ್ರಾಸಿನ ಅರ್ಧ ಡಿಗ್ರಿಯ ವರ್ಗ ಕಾಲು. ಲೆಕ್ಕಕ್ಕೆ ಬಾರದಷ್ಟು ಚಿಕ್ಕದು, ಬಿಟ್ಟಿದ್ದೇನೆ.

ಲೋಡ್ ಹಾಕಿದಾಗ ಏನಾಗುತ್ತದೆ ನೋಡೋಣ. ಕೋಲಾರದ ಮಂಡಿಯ ಲೆಕ್ಕದಲ್ಲಿ 15 ಕೆ.ಜಿ.ಯ 100 ಬಾಕ್ಸ್ ಎಂದರೆ ಟೊಮೆಟೊನೇ 1500 ಕೆ.ಜಿ., ಬಾಕ್ಸಿನ ತೂಕ ಬೇರೆ. ಹಿಂಭಾಗ 70 ಮಿ.ಮೀ. ಕೂತಿತು ಎನ್ನಿ. ಹಿಂದಿನ ತುಂಡು 3.3 ಡಿಗ್ರಿ ಚಪ್ಪಟೆಯಾಗಿ 5.7ಕ್ಕೆ ಬರುತ್ತದೆ; ನಡುವಿನ ಕ್ರಾಸ್ 2.2, ಕೊನೆಯದು 4.2, ಉಳಿಕೆ 3.6. ಖಾಲಿ ಇದ್ದಾಗ 5.1, ಲೋಡಿನಲ್ಲಿ 3.6: ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ನೀವು ಬರೆದದ್ದು ಇಂಥ ಅಂಕಿಗಳಿಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಖಾಲಿಯಲ್ಲೊಮ್ಮೆ, ಪೂರ್ತಿ ಲೋಡಿನಲ್ಲೊಮ್ಮೆ ಅಳೆಯಿರಿ. ಹೋಗುವಾಗ ಲೋಡ್, ಬರುವಾಗ ಖಾಲಿ ಓಡುವ ಗಾಡಿಗೆ ಎರಡೂ ಸಮಾನ ಮುಖ್ಯ. ಒಂದು ಸ್ಥಿತಿಗೆ ಮಾತ್ರ ಸರಿಪಡಿಸಿದರೆ ಇನ್ನರ್ಧ ದಾರಿ ಕ್ರಾಸ್ ತಿನ್ನುತ್ತದೆ.

ಕೋನಗಳು ಸಮ ಇದ್ದರೂ ಎಷ್ಟು ದೊಡ್ಡವಿರಬಹುದು ಎನ್ನುವುದಕ್ಕೆ ಮಿತಿ ಇದೆ. ಪಿನಿಯನ್ ಸಮವಾಗಿ ತಿರುಗಿದರೂ ನಡುವಿನ ಶಾಫ್ಟ್ ಕೊಳವೆ ಮಾತ್ರ ಜಿಗಿಯುತ್ತ ಬೀಳುತ್ತಲೇ ಇರುತ್ತದೆ, ವೇಗ ಹೆಚ್ಚಿದಷ್ಟೂ ಅದರ ತೂಕವೇ ಏಟು ಕೊಡುತ್ತದೆ. ಶಾಫ್ಟ್ ತಯಾರಕರ ಕೋಷ್ಟಕದ ಪ್ರಕಾರ ನಿಮಿಷಕ್ಕೆ 2000 ಸುತ್ತಿಗೆ ಗರಿಷ್ಠ 8.7 ಡಿಗ್ರಿ, 2500ಕ್ಕೆ 7.0, 3000ಕ್ಕೆ 5.8, 3500ಕ್ಕೆ 5.0. ಮೇಲಿನ ಅನುಪಾತದಲ್ಲಿ 60 ಕಿ.ಮೀ.ಗೆ ಶಾಫ್ಟ್ 1950 ಸುತ್ತು, 80ಕ್ಕೆ 2600. ಹಾಗಾಗಿ 7.5 ಡಿಗ್ರಿಯ ಕೊನೆಯ ಕ್ರಾಸ್ 60ರಲ್ಲಿ ಮಿತಿಯೊಳಗೆ, ಮುಳಬಾಗಿಲಿನಿಂದ ಹೈವೇ ಹಿಡಿದು 80ಕ್ಕೆ ಹೋದರೆ ಹೊರಗೆ. ಇವು ಗರಿಷ್ಠ ಅಂಕಿಗಳು. ಕ್ರಾಸ್ ಬಾಳಬೇಕೆಂದರೆ ಖಾಲಿ ಗಾಡಿಯಲ್ಲಿ 4ರ ಆಸುಪಾಸು, ಲೋಡಿನಲ್ಲಿ 3ರ ಒಳಗೆ ಇರಲಿ. ಸೊನ್ನೆಯೂ ಬೇಡ. ಅರ್ಧ ಡಿಗ್ರಿಯಾದರೂ ಓರೆ ಇಲ್ಲದಿದ್ದರೆ ಸೂಜಿ ರೋಲರುಗಳು ಉರುಳದೆ ಒಂದೇ ಜಾಗದಲ್ಲಿ ಬಡಿದು, ಕ್ರಾಸಿನ ಮೇಲೆ ಗೀರು ಗೀರು ಗುಣಿ ಬೀಳುತ್ತವೆ.

ನಿಂತಲ್ಲಿಂದ ಎತ್ತುವಾಗಿನ ದಡದಡಕ್ಕೆ ನಡುವಿನ ಕ್ರಾಸನ್ನು ನೋಡಬೇಕು. ಓರೆಯಾದ ಜಾಯಿಂಟಿನ ಮೂಲಕ ಟಾರ್ಕ್ (ತಿರುಗಿಸುವ ಬಲ) ಹೋಗುವಾಗ ಅದರ ಒಂದು ಪಾಲು ಶಾಫ್ಟನ್ನು ಅಡ್ಡಕ್ಕೆ ತಳ್ಳುತ್ತದೆ, ಸುತ್ತಿಗೆ ಎರಡು ಸಲ. ಮೊದಲ ಗೇರಿನಲ್ಲಿ ಟಾರ್ಕ್ ಎಲ್ಲಕ್ಕಿಂತ ಹೆಚ್ಚು, ಶಾಫ್ಟಿನ ವೇಗ ಕಡಿಮೆ; ಅದಕ್ಕೇ ಅದು ಗುಂಯ್ ಅನ್ನದೆ ದಡದಡ ಅನ್ನುತ್ತದೆ. ಆ ತಳ್ಳಾಟವನ್ನು ತಿನ್ನುವುದು ಸೆಂಟರ್ ಬೇರಿಂಗಿನ ರಬ್ಬರ್. ಕೋನ 3.1ರಿಂದ 5.5ಕ್ಕೆ ಏರಿದರೆ ತಳ್ಳುವ ಬಲ ಮುಕ್ಕಾಲು ಪಾಲು ಹೆಚ್ಚುತ್ತದೆ. ಕ್ರಾಸ್ ಮೇಲೆ ಕ್ರಾಸ್ ಹಾಕಿದರೂ ಇದು ಹೋಗದು.

ಸರಿಪಡಿಸಲು ಎರಡು ದಾರಿ. ನನ್ನ ಮತ ಮೊದಲನೆಯದಕ್ಕೆ: ಬ್ಲಾಕ್ ತೆಗೆದುಹಾಕಿ, ಹೆಚ್ಚಿನ ಪಟ್ಟಿ ಇರಲಿ. ನಿಮ್ಮ ತೊಂದರೆ ಇದ್ದದ್ದು ಲೋಡಿನಲ್ಲಿ ಕೂರುವುದು; ಬ್ಲಾಕ್ ಅದಕ್ಕೆ ಏನೂ ಮಾಡುವುದಿಲ್ಲ. ಅದು ಖಾಲಿ ಗಾಡಿಯನ್ನೂ ಲೋಡ್ ಗಾಡಿಯನ್ನೂ ಒಂದೇ ಅಳತೆ ಎತ್ತುತ್ತದೆ, ಭಾರ ಹೊರುವ ಶಕ್ತಿ ಕೊಡುವುದಿಲ್ಲ. ಪಟ್ಟಿಯಿಂದ ಎದ್ದದ್ದು ಒಂದು ಇಂಚು ಎಂದುಕೊಂಡರೆ, ಬ್ಲಾಕ್ ತೆಗೆದ ಮೇಲೆ ಹಿಂದಿನ ತುಂಡು 7.8, ಪಿನಿಯನ್ ಮತ್ತೆ 3.5, ಎರಡೂ ಕ್ರಾಸ್ 4.3. ಲೋಡಿನಲ್ಲಿ 1.0. ಇದಕ್ಕಿಂತ ಇನ್ನೇನು ಬೇಕು! ಇನ್ನೂ ಉತ್ತಮ ಬೇಕೆಂದರೆ ಆ ಹೆಚ್ಚಿನ ಪಟ್ಟಿಯನ್ನು, ಲೋಡ್ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಆಗಿ ಮಾಡಿಸಿ. ಆಗ ಖಾಲಿ ಗಾಡಿ ಏಳುವುದೇ ಇಲ್ಲ.

ಎತ್ತರ ಹೀಗೇ ಬೇಕು ಎನ್ನುವುದಾದರೆ ಎರಡನೇ ದಾರಿ. ಬೆಣೆಯಾಕಾರದ ಬ್ಲಾಕ್ ತೆಗೆದು ಚಪ್ಪಟೆ ಬ್ಲಾಕ್ ಹಾಕಿಸಿ, ಪಿನಿಯನ್ 3.5ಕ್ಕೆ ಬರುತ್ತದೆ. ಸೆಂಟರ್ ಬೇರಿಂಗಿನ ಬ್ರಾಕೆಟ್ ಮತ್ತು ಚಾಸಿಯ ಅಡ್ಡಪಟ್ಟಿಯ ನಡುವೆ 12 ಮಿ.ಮೀ. ದಪ್ಪದ ಉಕ್ಕಿನ ಫ್ಲ್ಯಾಟ್ ಕೊಟ್ಟು ಬೇರಿಂಗನ್ನು ಕೆಳಗಿಳಿಸಿ. ಎರಡು ಬೋಲ್ಟಿಗೂ ಸೇರಿ ಒಂದೇ ಫ್ಲ್ಯಾಟ್, ಬೋಲ್ಟ್ ಅಷ್ಟೇ ಉದ್ದ ಹೆಚ್ಚು; ವಾಷರ್ ಪೇರಿಸಬೇಡಿ. ಮುಂದಿನ ತುಂಡು 4.3ಕ್ಕೆ ಇಳಿದು ಮೊದಲ ಕ್ರಾಸ್ 1.3 ಆಗುತ್ತದೆ; ಅದನ್ನು 1.5 ದಾಟಿಸಬೇಡಿ, ಏಕೆಂದರೆ ಅದರ ಏರಿಳಿತವನ್ನು ಅಳಿಸಲು ಜೊತೆಗಾರ ಕ್ರಾಸ್ ಇಲ್ಲ. ಹಿಂದಿನ ತುಂಡು 8.4, ನಡುವಿನ ಕ್ರಾಸ್ 4.1, ಕೊನೆಯದು 4.9. ಕೊನೆಯದು 0.8 ಹೆಚ್ಚಾಯಿತಲ್ಲ ಎಂದು ಬೆಣೆ ಹುಡುಕಬೇಡಿ, ಅದು ಬೇಕೆಂದೇ ಬಿಟ್ಟದ್ದು. ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗ್ ಪಟ್ಟಿಗಳನ್ನು ತಿರುಚಿಕೊಂಡು ಮೂಗು ಮೇಲೆತ್ತುತ್ತದೆ. ಪಟ್ಟಿ ಇರುವ ಗಾಡಿಯಲ್ಲಿ ನಿಂತಾಗ ಪಿನಿಯನ್ ಅರ್ಧದಿಂದ 1 ಡಿಗ್ರಿ ಕೆಳಗಿದ್ದರೆ ಎಳೆಯುವಾಗ ಸಮಕ್ಕೆ ಬರುತ್ತದೆ.

ನಿಮ್ಮ ನಿಜವಾದ ಅಳತೆಯಲ್ಲಿ ಬೆಣೆ ಬೇಕೇ ಬೇಕು ಎಂದು ಬಂದರೆ ಉಕ್ಕಿನದ್ದನ್ನೇ ಹಾಕಿಸಿ; ಅಲ್ಯೂಮಿನಿಯಂ ಬೆಣೆ ಲೋಡಿನಲ್ಲಿ ಜಜ್ಜಿ, ಯು ಬೋಲ್ಟ್ ಸಡಿಲವಾಗುತ್ತದೆ. ಅಗಲ ಪಟ್ಟಿಯಷ್ಟೇ, ನಡುವೆ ಸೆಂಟರ್ ಬೋಲ್ಟಿಗೆ ತೂತು. ಪಟ್ಟಿ ಹೌಸಿಂಗಿನ ಮೇಲೆ ಕೂತಿದ್ದರೆ ದಪ್ಪ ಕಡೆ ಹಿಂದಕ್ಕೆ ಬಂದಾಗ ಪಿನಿಯನ್ನಿನ ಮೂಗು ಏಳುತ್ತದೆ. ಪಟ್ಟಿ ಹೌಸಿಂಗಿನ ಕೆಳಗಿದ್ದರೆ ದಪ್ಪ ಕಡೆ ಮುಂದಕ್ಕೆ. ಬ್ಲಾಕಿನ ಮೇಲೆ ಬ್ಲಾಕ್, ಮರದ ತುಂಡು, ಇವು ಬೇಡವೇ ಬೇಡ. ಯು ಬೋಲ್ಟ್ ಹೊಸದೇ ಇರಲಿ, ಒಮ್ಮೆ ಹಿಗ್ಗಿದ್ದು ಮತ್ತೆ ಹಿಡಿತ ಕೊಡುವುದಿಲ್ಲ. ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ, 100 ಕಿ.ಮೀ. ಲೋಡಿನಲ್ಲಿ ಓಡಿದ ಮೇಲೆ ಮತ್ತೊಮ್ಮೆ, 500 ಆದ ಮೇಲೆ ಇನ್ನೊಮ್ಮೆ ಬಿಗಿಸಿ.

ಜಿಪ್ಸಿ ಅಥವಾ 2020ಕ್ಕೆ ಮುಂಚಿನ ಥಾರ್ ಎತ್ತರಿಸಿ ಸ್ಕಂದಗಿರಿ, ದೇವರಾಯನದುರ್ಗದ ಕಡೆ ಓಡಿಸುವವರಿಗೂ ಲೆಕ್ಕ ಇದೇ, ಆದರೆ ಶಾಫ್ಟ್ ಗಿಡ್ಡ. 700 ಮಿ.ಮೀ. ಶಾಫ್ಟಿಗೆ ಎರಡು ಇಂಚು ಎಂದರೆ 4 ಡಿಗ್ರಿ ದಾಟುತ್ತದೆ. ಜಿಪ್ಸಿಯಲ್ಲಿ ಪಟ್ಟಿ ಹೌಸಿಂಗಿನ ಕೆಳಗಿರುವುದರಿಂದ ಬೆಣೆಯ ದಿಕ್ಕು ಪಿಕಪ್ಪಿಗೆ ಉಲ್ಟಾ. ಈಗಿನ ಥಾರಿನಂತೆ ಹಿಂದೆ ಕಾಯಿಲ್ ಸ್ಪ್ರಿಂಗ್, ಲಿಂಕುಗಳಿರುವ ಗಾಡಿಯಲ್ಲಿ ಬೆಣೆಗೆ ಜಾಗವೇ ಇಲ್ಲ. ಉದ್ದ ಹೊಂದಿಸಬಹುದಾದ ಲಿಂಕ್ ಬೇಕು. ಟ್ರಾನ್ಸ್‌ಫರ್ ಕೇಸಿನ ಕಡೆ ಜೋಡಿ ಕ್ರಾಸಿನ ಜಾಯಿಂಟ್ ಹಾಕಿಸಿದ್ದರೆ ಸಮಾನಾಂತರದ ನಿಯಮ ಬಿಡಿ, ಪಿನಿಯನ್ ನೇರ ಶಾಫ್ಟನ್ನೇ ನೋಡಬೇಕು, 1–2 ಡಿಗ್ರಿ ತಗ್ಗಿ.

ಆ್ಯಂಗಲ್ ಮುಗಿದ ಮೇಲೆ ಚಾಸಿಗೆ ಜಾಕ್ ಕೊಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೌಸಿಂಗನ್ನು ಪೂರ್ತಿ ನೇತುಬಿಡಿ. ಸ್ಪ್ಲೈನ್ ಎಷ್ಟು ಹೊರಬಂದಿದೆ ನೋಡಿ. ನಮ್ಮ ಉದಾಹರಣೆಯಲ್ಲಿ ಎರಡು ಇಂಚಿಗೆ ಶಾಫ್ಟ್ 6–7 ಮಿ.ಮೀ. ಮಾತ್ರ ಹಿಗ್ಗುತ್ತದೆ, ಆದರೆ ಪೂರ್ತಿ ನೇತಾಗ ಒಳಗೆ ಕನಿಷ್ಠ ಸ್ಪ್ಲೈನಿನ ವ್ಯಾಸದಷ್ಟಾದರೂ ಹಿಡಿತ ಉಳಿಯಬೇಕು. ಹಿಂದಿನ ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್ ಎಳೆದು ಬಿಗಿಯಾಗಿವೆಯೇ, ಶಾಕ್ ಅಬ್ಸಾರ್ಬರ್ ತುದಿ ಮುಟ್ಟಿದೆಯೇ ನೋಡಿ. ಹೆಚ್ಚಿನ ಪಟ್ಟಿ ಹಾಕಿದ್ದರಿಂದ ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚುವುದಿಲ್ಲ. ಕಂಪನಿ ಕೊಟ್ಟದ್ದಕ್ಕಿಂತ ಗಾಡಿಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಡಿವಾಣ ಹಾಕಿದೆ. ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋದಾಗ ಮೊದಲು ಕಣ್ಣಿಗೆ ಬೀಳುವುದು ಬ್ಲಾಕ್. ಅದನ್ನು ತೆಗೆಯಲು ಇದೂ ಒಂದು ಕಾರಣ.

ಹೌಸಿಂಗಿನಿಂದ ಚಾಸಿಗೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಹೋಗಿ, ಬ್ರೇಕ್ ಪೈಪುಗಳಿರುವ ಒಂದು ವಾಲ್ವಿಗೆ ಕೂಡಿದೆಯೇ ಹುಡುಕಿ. ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವ ವಾಲ್ವ್ ಅದು. ಚಾಸಿ ಎಷ್ಟು ಎತ್ತರದಲ್ಲಿದೆ ಎಂಬುದರಿಂದಲೇ ಅದು ಲೋಡನ್ನು ಅಂದಾಜು ಮಾಡುತ್ತದೆ. ನೀವು ಎರಡು ಇಂಚು ಎತ್ತಿದ ಮೇಲೆ ಒಂದೂವರೆ ಟನ್ ಇದ್ದರೂ ಅದಕ್ಕೆ ಗಾಡಿ ಅರ್ಧ ಖಾಲಿ ಇದ್ದ ಹಾಗೆ ಕಾಣುತ್ತದೆ, ಹಿಂದಿನ ಚಕ್ರಗಳಿಗೆ ಒತ್ತಡ ಕಡಿಮೆ ಬಿಡುತ್ತದೆ. ಪಟ್ಟಿ ಕೆಲಸದವರು ಇದನ್ನು ಮುಟ್ಟಿರುವುದಿಲ್ಲ. ಎತ್ತರ ಅಂತಿಮವಾದ ದಿನವೇ, ಕಂಪನಿಯ ಅಳತೆ ಇಟ್ಟುಕೊಂಡಿರುವ ವರ್ಕ್‌ಶಾಪಿನಲ್ಲಿ ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಳ್ಳಿ. ಅಲ್ಲಿಯವರೆಗೆ ಪೂರ್ತಿ ಲೋಡ್ ಹಾಕಬೇಡಿ.